ಪರದೆಯ ಮೇಲಿನ ಸೊಳ್ಳೆಗಳು

ಅಥಣಿಯಿಂದ ಬರುವ ಬಸ್ಸು ಕೃಷ್ಣೆಯ ಬಯಲಿಗೆ ಇಳಿಯುತ್ತಿದ್ದಂತೆ, ಉಗಾರ ಇನ್ನೂ ಕಣ್ಣಿಗೆ ಬೀಳುವ ಮೊದಲೇ, ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಕಿಟಕಿಯೊಳಗೆ ನುಗ್ಗುತ್ತದೆ. ಕಬ್ಬಿನ ರಸದಿಂದ ಸಕ್ಕರೆಯನ್ನು ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕಕ್ಕೆ ಸಿಹಿ, ಹುಳಿ, ಸುಟ್ಟ ಘಾಟು ಮೂರೂ ಕೂಡಿದ ಒಂದು ವಾಸನೆಯಿದೆ. ಕಳೆದ ಕಾರ್ತಿಕದಲ್ಲಿ ಪ್ರವಚನವೊಂದನ್ನು ಕೇಳಿ ಊರಿಗೆ ಮರಳುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ಮೂಗರಳಿಸಿ, “ಹಂಗಾಮ ಚಾಲೂ ಆತ ನೋಡ್ರಿ ಆಯಿ, ಎಷ್ಟ ಛಂದ ವಾಸನಿ” ಎಂದಳು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಆ ವಾಸನೆ ಬಂದಾಗ ನನಗೆ ಸಕ್ಕರೆ ನೆನಪಾಗುವುದಿಲ್ಲ. ನನ್ನ ಮೈದುನ ಭೂಪಾಲನ ಮುಖ ನೆನಪಾಗುತ್ತದೆ. ಅವನು ನನ್ನ ಮೊಮ್ಮಗಳನ್ನು ಮನೆಯಿಂದ ಹೊರಗೆ ಹಾಕಲು ಹೊರಟ ಹಂಗಾಮು ನೆನಪಾಗುತ್ತದೆ. ಸಮಭಾವವನ್ನು ದಿನಕ್ಕೆ ಎರಡು ಹೊತ್ತು ಅಭ್ಯಾಸ ಮಾಡುವವಳು ನಾನು. ಆ ಒಂದು ಹಂಗಾಮಿನ ವಿಷಯದಲ್ಲಿ ಮಾತ್ರ ಅಭ್ಯಾಸವು ಇಂದಿಗೂ ಫಲಿಸಿಲ್ಲ. ಫಲಿಸಲೆಂದು ನಾನು ಅವಸರಪಡುತ್ತಲೂ ಇಲ್ಲ.

ಉಗಾರ ಬುದ್ರುಕದಲ್ಲಿ ನಮ್ಮದು ಅಂಗಳದ ಎರಡು ಬದಿಗೆ ಎರಡು ಸಂಸಾರಗಳಿರುವ ಒಂದೇ ವಾಡೆ, ಒಂದೇ ಒಲೆ. ಯಜಮಾನರು ತೀರಿಕೊಂಡ ಮೇಲೆ ಹಿರಿತನವು ಅವರ ತಮ್ಮನಾದ ಭೂಪಾಲನಿಗೆ ಬಂತು. ಕಬ್ಬಿನ ಹೊಲಗಳು, ಬಸದಿಯ ಪಂಚರಲ್ಲಿ ಒಂದು ಸ್ಥಾನ, ಊರ ಶಾಲೆಯ ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿ. ಈ ಮೂರರ ಭಾರದಿಂದ ಅವನ ಕುತ್ತಿಗೆ ಬಾಗುವುದನ್ನು ಮರೆತಿತ್ತು. ನನ್ನ ಮಗ ಮಹಾವೀರನು ಕಾಕಾನ ಎದುರು ಕೆಮ್ಮುವುದಕ್ಕೂ ಅಪ್ಪಣೆ ಬೇಡುವವನು. ಅವನ ಹೆಂಡತಿ ರಾಜಶ್ರೀ ನಿಪ್ಪಾಣಿಯ ತಂಬಾಕಿನ ವ್ಯಾಪಾರಸ್ಥರ ಮಗಳು. ತವರಿನ ಮಾತು ಮರಾಠಿ, ನಮ್ಮಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವರಿಬ್ಬರ ಒಬ್ಬಳೇ ಮಗಳಿಗೆ ಅನುಪ್ರೇಕ್ಷಾ ಎಂದು ಹೆಸರಿಟ್ಟವಳು ನಾನು. ಒಂದೇ ವಸ್ತುವನ್ನು ಮತ್ತೆ ಮತ್ತೆ ನೆಲೆನಿಂತು ಚಿಂತಿಸುವುದು ಎಂದು ಆ ಮಾತಿನ ಅರ್ಥ. ಹುಡುಗಿ ಬೆಳೆದಂತೆ ಭೂಪಾಲನಿಗೆ ಅದೊಂದು ವಿನೋದವಾಯಿತು. “ವೈನಿ, ಹೆಸರ ಇಡಾಗ ಕೂಸಿನ್ನ ಒಮ್ಮೆರ ನೋಡಿದ್ದೇನ?” ಎಂದು ಬಂದವರೆದುರು ಕೇಳಿ ನಗುತ್ತಿದ್ದ.

ಆ ವರ್ಷ ಅನೂಗೆ ಹತ್ತು ತುಂಬಿತ್ತು, ಐದನೆಯ ಇಯತ್ತೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವಳು. ಅರ್ಧ ಲೆಕ್ಕ ಮಾಡಿ ಎದ್ದು ಹೋಗುವಳು. ಎಲ್ಲಿಗೆ ಹೊರಟೆನೆಂಬುದು ದಾರಿಯಲ್ಲಿಯೇ ಮರೆಯುವುದು. ಒಂದು ಕಾಲಿನ ಚಪ್ಪಲಿ ಎಲ್ಲಿದೆಯೆಂದು ಅವಳಿಗೆ ಯಾವ ಮುಂಜಾನೆಯೂ ತಿಳಿದದ್ದಿಲ್ಲ. “ಕೆಟ್ಟ ಹುಡುಗಿ ಅಲ್ರಿ ಆಯಿ,” ಎಂದು ಅವಳ ಶಿಕ್ಷಕಿ ಹೇಳುತ್ತಿದ್ದರು. “ಆದ್ರ ಕುಂಡ್ರೂದಿಲ್ಲ. ಕುಂತ್ರೂ ಅಲ್ಲಿರೂದಿಲ್ಲ.” ನಾನು ಬಸದಿಯ ಪಾಠಶಾಲೆಯಲ್ಲಿ ಪ್ರಾಕೃತದ ಗಾಹೆಗಳನ್ನು ಕಂಠಪಾಠ ಮಾಡಿದವಳು, ಅಥಣಿಯ ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿ ನಿವೃತ್ತಳಾದವಳು. ಚಿತ್ತವು ಚಂಚಲ, ಅದನ್ನು ಕಟ್ಟುವ ಹಗ್ಗವೇ ಸಾಮಾಯಿಕ ಎಂದು ನಂಬಿದ್ದೆ. ಎರಡು ಘಳಿಗೆ ಅಲುಗಾಡದೆ ಕುಳಿತುಕೊಳ್ಳುವ ಆ ವ್ರತಕ್ಕೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಕಣ್ಣು ತೆರೆದಾಗ ಚಾಪೆ ಮಾತ್ರ ಇರುತ್ತಿತ್ತು.

ಕೆಡುಕು ಮೊದಲಾದದ್ದು ದೀಪಾವಳಿಯ ಬೆಳಗಿನಲ್ಲಿ. ಭಗವಾನರು ನಿರ್ವಾಣ ಹೊಂದಿದ ಆ ಮುಂಜಾವಿನಲ್ಲಿ ಬಸದಿಯಲ್ಲಿ ಲಾಡು ಅರ್ಪಿಸುವ ಪದ್ಧತಿ ನಮ್ಮದು. ಯಾರ ಮನೆಯ ಲಾಡು ಮೊದಲು ಏರಬೇಕೆಂದು ಹರಾಜಿನಂತೆ ಸವಾಲು ನಡೆಯುತ್ತದೆ. ಆ ವರ್ಷ ಭೂಪಾಲ ಸವಾಲು ಗೆದ್ದಿದ್ದ. ಮನೆಯ ಕನ್ಯೆ ತಾಟು ಹಿಡಿಯಲಿ ಎಂದು ಅನೂನ ಕೈಗೆ ಕೊಟ್ಟವನೂ ಅವನೇ. ಶಂಖ ಊದಿದರು, ಊರೆಲ್ಲ ಕೈಮುಗಿದು ನಿಂತಿತು. ಅಷ್ಟರಲ್ಲಿ ಮಾನಸ್ತಂಭದ ಮೇಲೆ ಎರಡು ಗಿಳಿ ಬಂದು ಕುಳಿತವು. ಹುಡುಗಿ ತಾಟಿನೊಡನೆ ಅತ್ತ ತಿರುಗಿದಳು. ಲಾಡು ಉರುಳಿ, ಗರ್ಭಗುಡಿಯ ಮೆಟ್ಟಿಲಿನ ಮೇಲೆ ಎರಡು ಹೋಳಾಯಿತು. ಯಾರೋ ಹಿಂದಿನಿಂದ, “ಗೆದ್ದ ಸವಾಲ ನೆಲದ ಪಾಲಾತು” ಎಂದರು. ಭೂಪಾಲ ಆ ಮಾತನ್ನು ಮನೆಗೆ ಹೊತ್ತು ತಂದ, ಇಳಿಸಲಿಲ್ಲ.

ಎರಡು ದಿನದ ಮೇಲೆ ಅಂಗಳದ ಮಂಚದ ಮೇಲೆ ಕುಳಿತು ತೀರ್ಪು ಹೇಳಿದ. ಗಡಿಯಾಚೆಯ ಗುಡ್ಡದ ಮೇಲೆ ಹೆಣ್ಣುಮಕ್ಕಳ ಒಂದು ಗುರುಕುಲವಿದೆ; ನಾಲ್ಕು ಗಂಟೆಗೆ ಎಬ್ಬಿಸುತ್ತಾರೆ, ವರ್ಷಕ್ಕೊಮ್ಮೆ ಮನೆಗೆ ಬಿಡುತ್ತಾರೆ. “ಅಲ್ಲಿ ಎಂತೆಂಥಾವ್ರನ್ನ ನೆಟ್ಟಗ ಮಾಡ್ಯಾರ,” ಎಂದ. ಮಹಾವೀರ ನೆಲ ನೋಡಿದ. ಭೂಪಾಲನ ಸೊಸೆ ಸುಜಾತಾ ಕಂಬಕ್ಕೆ ಒರಗಿ, ಮಾವನ ಮಾತಿಗೆ ತಾಳ ಹಾಕುವಂತೆ, “ಹೌದ್ರಿ, ಶಿಸ್ತ ಬೇಕ ಬೇಕು” ಎಂದಳು.

ರಾಜಶ್ರೀ ಒಳಗಿನಿಂದ ಬಂದಳು. “ಕಾಕಾ, ಕಳಸೂಕಿಂತ ಮೊದ್ಲ ಮಿರಜಕ ಒಯ್ದ ತೋರಸ್ತೀನಿ. ಮಕ್ಕಳ ಮನಸಿನ ಡಾಕ್ಟರ ಅದಾರ ಅಲ್ಲಿ.”

“ಮನಸಿನ ಡಾಕ್ಟರ ಅಂದ್ರ ಹುಚ್ಚರ ಡಾಕ್ಟರ?”

“ಹುಚ್ಚರಿಗೆ ಬ್ಯಾರೆ ಇರ್ತಾರ. ಬೇಕಾದ್ರ ಅವರ ಪತ್ತಾನೂ ಕೇಳಿ ಬರ್ತೀನಿ.”

ನಿಪ್ಪಾಣಿಯ ಹುಡುಗಿಯ ನಾಲಗೆ ಅದು. ನನಗೂ ಅವಳಿಗೂ ಅಲ್ಲಿಯವರೆಗೆ ಅಂಥ ಸ್ನೇಹವೇನಿರಲಿಲ್ಲ. ಆ ಮಾತಿಗೆ ಮಾತ್ರ ಒಳಗೊಳಗೆ ತೃಪ್ತಿಯಾಯಿತು.

ನಾನೂ ಜೊತೆಗೆ ಹೋದೆ. ಮಿರಜದ ವೈದ್ಯೆ ಚಿಕ್ಕ ವಯಸ್ಸಿನವರು. ಹುಡುಗಿ ಹುಟ್ಟಿದಂದಿನಿಂದ ಆ ದಿನದವರೆಗಿನ ಎಲ್ಲವನ್ನೂ ಕೇಳಿದರು. ಶಿಕ್ಷಕಿಗೆ ಕೇಳಬೇಕಾದ ಪ್ರಶ್ನೆಗಳನ್ನೂ ಕೊಟ್ಟರು. ಕೊನೆಗೆ, ಮನೆಯಲ್ಲಿಯೇ ಕಂಪ್ಯೂಟರಿನ ಮೇಲೆ ಗಮನದ ಒಂದು ಪರೀಕ್ಷೆ ಮಾಡಿಸಿರಿ, ಅದರ ಲಿಂಕು ಕಳಿಸುತ್ತೇನೆ ಎಂದರು. ಶಾಂತವಾದ ಕೋಣೆ, ಉಂಡು ಉಟ್ಟು ಹಗುರಾಗಿರುವ ಮುಂಜಾವಿನ ಹೊತ್ತು. ಹತ್ತಿರ ಒಬ್ಬರೇ ದೊಡ್ಡವರು, ಅವರೂ ಬಾಯಿ ಹಾಕಬಾರದು. ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ಹೇಳಿದ ಚಿತ್ರ ಬಂದರೆ ಗುಂಡಿ ಒತ್ತಬೇಕು, ಬೇರೆಯದು ಬಂದರೆ ಕೈ ತಡೆಯಬೇಕು. ಎಷ್ಟು ತಪ್ಪಿಸಿದಳು, ಎಷ್ಟು ಅವಸರಿಸಿದಳು ಎಂಬುದನ್ನು ಯಂತ್ರ ಬರೆದುಕೊಳ್ಳುತ್ತದೆ. ಚಿತ್ತವನ್ನು ಗುಂಡಿಯಿಂದ ಅಳೆಯುವ ಈ ವಿದ್ಯೆಯ ಬಗ್ಗೆ ನನ್ನ ಮುಖದಲ್ಲಿ ಏನು ಕಂಡಿತೋ, ವೈದ್ಯೆ ನನ್ನ ಕಡೆ ತಿರುಗಿದರು. “ಆಜಿ, ಇದು ನಿಕಾಲ ಅಲ್ಲ. ಒಂದ ಬಾಜೂದಿಂದ ಕಂಡಷ್ಟ. ಸಾಳ್ಯಾಗ ಹ್ಯಾಂಗ, ಮನ್ಯಾಗ ಹ್ಯಾಂಗ, ನನ್ನ ಮುಂದ ಹ್ಯಾಂಗ, ಎಲ್ಲಾ ಕೂಡಿಸಿ ನೋಡೂದೈತಿ.”

ಭೂಪಾಲ ಅದನ್ನು ನಿಕಾಲವೆಂದೇ, ಕೋರ್ಟಿನ ತೀರ್ಪೆಂದೇ ಹಿಡಿದ. ಗದ್ದೆಯ ವ್ಯಾಜ್ಯಗಳಲ್ಲಿ ಪಳಗಿದವನಿಗೆ ಬೇರೆ ಯಾವುದೂ ಅರ್ಥವಾಗುವುದಿಲ್ಲ. “ಆತು. ಮಶೀನ ಏನ್ ಹೇಳ್ತೈತಿ ನೋಡೂಣು. ಬ್ಯಾನಿ ಐತಿ ಅಂದ್ರ ನಿಮಗ ತಿಳದಂಗ ಮಾಡ್ರಿ, ನಾ ನಡುವ ಬರೂದಿಲ್ಲ. ಇಲ್ಲಂದ್ರ ಸಂಕ್ರಾಂತಿ ಆದ ಮ್ಯಾಲ ಗುರುಕುಲ.” ಹತ್ತು ವರ್ಷದ ಹುಡುಗಿ ಮನೆಯಲ್ಲಿ ಉಳಿಯುವುದೋ ಹೋಗುವುದೋ ಎಂಬುದು ಹೀಗೆ ಒಂದು ಗುಂಡಿಗೆ ಬಂದು ನಿಂತಿತು.

ಮಾರ್ಗಶಿರದ ಹೊತ್ತಿಗೆ ಹಂಗಾಮು ಭರಕ್ಕೆ ಬಂದಿತ್ತು. ಹಗಲಿರುಳೂ ಕಬ್ಬಿನ ಟ್ರ್ಯಾಕ್ಟರುಗಳು. ಪ್ರತಿಯೊಂದರ ತಲೆಯ ಮೇಲೂ ಧ್ವನಿಪೆಟ್ಟಿಗೆ, ಪ್ರತಿಯೊಂದರಲ್ಲೂ ಬೇರೆ ಬೇರೆ ಹಾಡು. ಬಾಗಿಲು ಹಾಕಿದರೂ ಗೋಡೆ ನಡುಗುತ್ತಿತ್ತು. ಇದ್ದುದರಲ್ಲಿ ಶಾಂತವೆಂದು ಹಿಂಬದಿಯ ಮಾಳಿಗೆಯ ಕೋಣೆಯನ್ನು ರಾಜಶ್ರೀ ಆರಿಸಿದಳು, ಸಂದುಗಳಿಗೆ ಹಳೆಯ ಸೀರೆ ತುರುಕಿದಳು. ಒಬ್ಬರೇ ಇರಬೇಕೆಂದು ಹೇಳಿದ್ದರೂ ಭೂಪಾಲ ಕುರ್ಚಿ ತರಿಸಿಕೊಂಡು ಹುಡುಗಿಯ ಬೆನ್ನ ಹಿಂದೆ ಕುಳಿತ. “ನಾಳೆ ಕಣ್ಣಾರೆ ನೋಡಿಲ್ಲ ಅನಬಾರದು,” ಎಂದ. ನಾನು ಹೊಸ್ತಿಲಿನಲ್ಲಿದ್ದೆ.

ಮಕ್ಕಳಿಗೆ ಬೇಸರ ಬಾರದಿರಲೆಂದು ಆ ಪರೀಕ್ಷೆಯನ್ನು ಆಟದಂತೆ ಮಾಡಿದ್ದರು. ಸೊಳ್ಳೆ ಬಂದರೆ ಒತ್ತಬೇಕು, ಪಾತರಗಿತ್ತಿ ಬಂದರೆ ಬಿಡಬೇಕು. ಒತ್ತಿದೊಡನೆ ಸೊಳ್ಳೆ ಚಪ್ಪಟೆಯಾಗಿ ಕೆಳಗೆ ಬೀಳುತ್ತಿತ್ತು. ಅನೂ ಮೊದಲ ಕೆಲವನ್ನು ಮಿಂಚಿನಂತೆ ಹೊಡೆದಳು. ಒಂದು ಪಾತರಗಿತ್ತಿಯನ್ನೂ ಅವಸರದಲ್ಲಿ ಒತ್ತಿ ನಾಲಗೆ ಕಚ್ಚಿಕೊಂಡಳು. ಆಮೇಲೆ ಅವಳ ಕೈ ಗುಂಡಿಯಿಂದ ಎದ್ದು ತೊಡೆಯ ಮೇಲೆ ಬಂದು ಕುಳಿತಿತು. ಸೊಳ್ಳೆ ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಹುಡುಗಿ ಪರದೆಯನ್ನೇ ನೋಡುತ್ತಿದ್ದಳು, ಒತ್ತುತ್ತಿರಲಿಲ್ಲ.

“ಒತ್ತ ಬೇ,” ಎಂದ ಭೂಪಾಲ.

ರಾಜಶ್ರೀ ತುಟಿಯ ಮೇಲೆ ಬೆರಳಿಟ್ಟು ಅವನನ್ನು ದಿಟ್ಟಿಸಿದಳು. ಸೊಸೆಯೊಬ್ಬಳು ಅವನಿಗೆ ಬಾಯಿ ಮುಚ್ಚೆಂದದ್ದು ಆ ವಾಡೆಯಲ್ಲಿ ಅದೇ ಮೊದಲು. ಅವನು ಕುರ್ಚಿ ದೂಡಿ ಎದ್ದು ಹೋದ. ಪರೀಕ್ಷೆ ಮುಗಿಯುವವರೆಗೂ ಸೊಳ್ಳೆಗಳು ನಿರ್ಭಯವಾಗಿ ಹಾರಾಡಿದವು.

ಮರುದಿನ ವೈದ್ಯೆ ಫೋನು ಮಾಡಿದರು. ಬಹುಪಾಲು ಸೊಳ್ಳೆಗಳನ್ನು ಮುಟ್ಟಿಯೇ ಇಲ್ಲ, ಇಂಥ ಫಲಿತಾಂಶದಿಂದ ಏನನ್ನೂ ಹೇಳಲಾಗದು, ಮಗುವಿಗೆ ಹೇಳಿದ್ದು ತಿಳಿದಿತ್ತೇ ಎಂದು ಕೇಳಿದರು. ತಿಳಿದಿತ್ತು ಎಂದಳು ರಾಜಶ್ರೀ. ಪಕ್ಕದಲ್ಲಿ ನಿಂತು ಕೇಳಿದ ಭೂಪಾಲನಿಗೆ ಅಷ್ಟೇ ಸಾಕಾಗಿತ್ತು. “ತಿಳದಿತ್ತು, ಮಾಡಲಿಲ್ಲ. ಇದಕ್ಕ ಬ್ಯಾನಿ ಅನ್ನೂದಿಲ್ಲ, ಸೊಕ್ಕ ಅಂತಾರ. ಮಶೀನನ ಹೇಳ್ತಲ್ಲ.”

“ಸೊಕ್ಕಿಗೆ ಮಿರಜಾಗ ಔಷಧ ಸಿಗೂದಿಲ್ಲ ಬಿಡ್ರಿ,” ಎಂದು ಸುಜಾತಾ ಒಗ್ಗರಣೆ ಹಾಕಿದಳು.

ರಾಜಶ್ರೀ ಮಗಳನ್ನು ಅಡಿಗೆಮನೆಗೆ ಎಳೆದು ತಂದಳು. ನಾನು ಅಲ್ಲಿಯೇ ಬೇಳೆ ಆರಿಸುತ್ತಿದ್ದೆ.

“ಯಾಕ ಒತ್ತಲಿಲ್ಲ? ಖರೇ ಹೇಳು.”

“ಸಾಯಾಕತ್ತಿದ್ವು.”

“ಯಾರು?”

“ಸೊಳ್ಳಿ. ಒತ್ತಿದ್ರ ಚಪ್ಪಟ್ ಆಗಿ ಬೀಳಾಕತ್ತಿದ್ವು. ಮೊದ್ಲ ನಂಗ ಗೊತ್ತಾಗ್ಲಿಲ್ಲ, ನಾಕೈದು ಸತ್ತ್ವು. ಆಮ್ಯಾಲ ಬಿಟ್ನಿ.”

“ವೇಡೀ, ಹುಚ್ಚ ಹುಡುಗಿ, ಅದು ಚಿತ್ರ.”

“ಸಕ್ಕರಿ ಆನೀನೂ ಚಿತ್ರಾನ. ಅದರ ತಲಿ ಕಡೀಬಾರದಂತ ಆಯಿ ಅಂತಾಳಲ್ಲ,” ಎಂದು ನನ್ನ ಕಡೆ ಕೈ ಮಾಡಿದಳು.

ಗೌರಿ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆಯ ಗೊಂಬೆಗಳನ್ನು ಎರೆಯುತ್ತಾರೆ. ಗೋಪುರ, ಕಮಲ, ಆನೆ, ಕುದುರೆ, ಗಿಳಿ. ನಮ್ಮ ಮನೆಯಲ್ಲಿ ಗೋಪುರ ಕಮಲಗಳು ಬಾಯಿಗೆ ಹೋಗುತ್ತವೆ. ಯಾರಾದರೂ ಆನೆ ಗಿಳಿಗಳನ್ನು ಕೊಟ್ಟರೆ ಹೊಳೆಗೆ ಬಿಡುತ್ತೇವೆ. ಜೀವವಿಲ್ಲದ ರೂಪವಾದರೂ ಕೊಂದೆನೆಂಬ ಭಾವದಿಂದ ಮುರಿದರೆ ಅದು ಸಂಕಲ್ಪಹಿಂಸೆ; ಕೈಯ ಕರ್ಮಕ್ಕಿಂತ ಮನಸ್ಸಿನ ಕರ್ಮ ಗಟ್ಟಿಯಾಗಿ ಅಂಟುತ್ತದೆ. ಇಷ್ಟೇ ಅಲ್ಲ. ಆ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ದಿನಗಳಲ್ಲಿ, ಚಾತುರ್ಮಾಸಕ್ಕೆ ನೆಲೆಸಿದ್ದ ಮುನಿಗಳು ಮಕ್ಕಳಿಗೆಲ್ಲ ಒಂದೊಂದು ಸಣ್ಣ ನಿಯಮ ಕೊಟ್ಟಿದ್ದರು. ಬೇಕೆಂದು ಒಂದು ಹುಳವನ್ನೂ ಕೊಲ್ಲುವುದಿಲ್ಲವೆಂಬುದು ಅನೂಗೆ ಬಂದ ನಿಯಮ. ಜನರ ನಡುವಿನಿಂದ ಅವಳನ್ನು ಎತ್ತಿ ಮುಂದೆ ನಿಲ್ಲಿಸಿ, “ನಮ್ಮ ಮನೀ ಹುಡುಗಿ, ಮಹಾರಾಜ, ಪಾಳ್ತಾಳ” ಎಂದು ಎದೆ ಸೆಟೆಸಿದವನು ಭೂಪಾಲ.

ನಾನು ಬೇಳೆಯ ಮೊರವನ್ನು ಬದಿಗಿಟ್ಟು ಅಂಗಳಕ್ಕೆ ನಡೆದೆ. ನನಗೆ ಆಗ ಆದದ್ದು ಹರ್ಷ. ಅದನ್ನು ಧರ್ಮಾನುರಾಗವೆಂದು ಕರೆಯಲಾರೆ.

“ಭೂಪಾಲ, ಹುಡುಗಿ ಸೊಕ್ಕಿಲೆ ಬಿಟ್ಟಿಲ್ಲ. ನೀ ಕೊಡಿಸಿದ ನಿಯಮ ಪಾಳ್ಯಾಳ.”

ಅವನು ಕೇಳಿದ, ಎಲ್ಲವನ್ನೂ ಕೇಳಿದ. “ಪಡದೇ ಮ್ಯಾಲಿನ ಸೊಳ್ಳಿಗೆ ಜೀವ ಎಲ್ಲೈತಿ ವೈನಿ?”

“ಸಕ್ಕರಿ ಆನಿಗೆ ಎಲ್ಲಿತ್ತು? ಹ್ವಾದ ಹುಣ್ಣಿವಿಗೆ ನಿನ್ನ ಮೊಮ್ಮಗನ ಕೈಯಾಗಿಂದ ಕಸಗೊಂಡ ಹೊಳಿಗೆ ಬಿಟ್ಟಾಂವ ನೀನ.”

ಭೂಪಾಲ ಬಾಯಿಗೆ ಅಡಿಕೆ ಹಾಕಿಕೊಂಡ. ಮೂರ್ಖನಾಗಿದ್ದರೆ ಅವನನ್ನು ಇಷ್ಟು ವರ್ಷ ದ್ವೇಷಿಸುವ ಶ್ರಮವೇ ಬೇಕಿರಲಿಲ್ಲ. ಅಡಿಕೆಯ ಹೋಳನ್ನು ದವಡೆಯಿಂದ ದವಡೆಗೆ ಹೊರಳಿಸಿ ಹೇಳಿದ: “ಬರೋಬ್ಬರಿ. ನಿಯಮ ನೆನಪ ಇಟ್ಟಾಳ, ಅಷ್ಟೊತ್ತು ಕೈ ಹಿಡದ ಕುಂತಾಳ. ಅಂದ ಮ್ಯಾಲ ಗಮನಾನೂ ಐತಿ, ಹಿಡಿತಾನೂ ಐತಿ. ಬ್ಯಾನಿ ಎಲ್ಲೈತಿ ಹೇಳು. ಗುರುಕುಲಕ ಕಳಸಾಕ ಅಡ್ಡಿಲ್ಲ.”

ಬೇನೆಯೆಂಬುದು ಇಲ್ಲವೆಂದೇ ನಾನೂ ನಂಬಿದ್ದೆನಷ್ಟೆ. ಅವನ ಗುರುಕುಲವನ್ನೂ ಮಿರಜದ ಯಂತ್ರವನ್ನೂ ಒಂದೇ ಕಣ್ಣಿನಿಂದ ನೋಡುತ್ತಿದ್ದ ನನಗೆ, ಎರಡೂ ಸೇರಿ ಹುಡುಗಿಯನ್ನು ಕಿತ್ತುಕೊಳ್ಳುತ್ತಿವೆಯೆಂದು ತೋರಿತು.

ಅವನ ಮಾತಿಗೆ ಉತ್ತರ ವೈದ್ಯೆಯಲ್ಲಿತ್ತು. ರಾಜಶ್ರೀ ಸೊಳ್ಳೆಯ ಸಂಗತಿಯನ್ನು ತಿಳಿಸಿದಾಗ ಅವರು ನಗಲಿಲ್ಲ. ಹಾಗಾದರೆ ಆ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಬರಿಯ ಆಕೃತಿಗಳ ಇನ್ನೊಂದನ್ನು ಕಳಿಸುತ್ತೇನೆ ಎಂದರು. “ಇಂಥಾ ಮಕ್ಕಳು ಎದಿಗೆ ಹತ್ತಿದ್ದನ್ನ ಗಟ್ಟಿ ಹಿಡೀತಾರ. ಎದಿಗೆ ಹತ್ತದ್ದು, ಬ್ಯಾಸರದ್ದು, ಮತ್ತ ಮತ್ತ ಅದ ಅದು ಬಂದಾಗ ಏನಾಗ್ತೈತಿ ಅದನ್ನ ನೋಡಬೇಕು.” ಭೂಪಾಲ ಒಪ್ಪಲಿಲ್ಲ. ಒಮ್ಮೆ ಆದ ತೀರ್ಪಿಗೆ ಮೇಲ್ಮನವಿ ಇಲ್ಲವೆಂದ. ಮಾಳಿಗೆಯ ಕೋಣೆಯ ಬೀಗದ ಕೈ ತನ್ನ ಜನಿವಾರಕ್ಕೆ ಕಟ್ಟಿಕೊಳ್ಳುತ್ತೇನೆಂದೂ ಹೇಳಿದ. ರಾಜಶ್ರೀ, “ಕಟ್ಕೋರಿ, ನಾ ಕೀಲಿ ಮುರೀತೀನಿ” ಎಂದಳು. ಅವನು ಕಟ್ಟಿಕೊಳ್ಳಲಿಲ್ಲ. ಆದರೂ ಎರಡನೆಯ ಪರೀಕ್ಷೆಯ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದೇ ಬರುವನೆಂದು ನನಗೆ ಗೊತ್ತಿತ್ತು. ಸಾಮಾಯಿಕಕ್ಕೆ ಕುಳಿತವರನ್ನು ದಾಟಬಾರದು, ಮಾತಾಡಿಸಬಾರದು. ನಾನು ಚಾಪೆಯನ್ನು ಮೆಟ್ಟಿಲಿನ ತುದಿಯಲ್ಲಿ, ಕೋಣೆಯ ಬಾಗಿಲಿಗೆ ಮುಖ ಮಾಡಿ ಹಾಸಿಕೊಂಡು ಪದ್ಮಾಸನದಲ್ಲಿ ಕುಳಿತೆ. ಕೆಳಗೆ ಅವನ ಕಾಲಸಪ್ಪಳ ಕೇಳಿತು. ಅರ್ಧ ಹತ್ತಿ ನಿಂತು, ಏನೋ ಗೊಣಗಿ, ಇಳಿದು ಹೋಯಿತು.

ಮುಚ್ಚಬೇಕಾದ ಕಣ್ಣನ್ನು ನಾನು ತೆರೆದೇ ಇದ್ದೆ.

ವೃತ್ತ ಬಂದರೆ ಒತ್ತಬೇಕು, ತ್ರಿಕೋನ ಬಂದರೆ ಬಿಡಬೇಕು. ಸಾಯುವಂಥದ್ದು ಏನೂ ಇರಲಿಲ್ಲ. ಅನೂ ಎರಡು ಕಾಲನ್ನೂ ಕುರ್ಚಿಯ ಕಾಲಿಗೆ ಬಳ್ಳಿಯಂತೆ ಸುತ್ತಿದಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಳು. ತುಟಿಗಳು “ವೃತ್ತ, ವೃತ್ತ” ಎಂದು ಅಲುಗುತ್ತ ಇದ್ದವು. ಸ್ವಲ್ಪ ಹೊತ್ತಿನ ಮೇಲೆ ತುಟಿ ನಿಂತಿತು. ಕಿಟಕಿಯ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಡೆಗೆ ಕಣ್ಣು ಹೋಯಿತು. ವೃತ್ತಗಳು ಬಂದು ಹೋದವು. ಬೆಚ್ಚಿ ತಿರುಗಿ ತ್ರಿಕೋನವನ್ನು ಒತ್ತಿದಳು, ಹಣೆ ಬಡಿದುಕೊಂಡಳು. ಮತ್ತೆ ಬೆನ್ನು ನೆಟ್ಟಗೆ ಮಾಡಿ, ಮತ್ತೆ ಮಣಿಕಟ್ಟು ಹಿಡಿದು, ಮತ್ತೆ ಜಾರಿದಳು. ಆ ಪುಟ್ಟ ದೇಹವು ಮೇಲಿಂದ ಕೆಳಗೆ ಪ್ರಯತ್ನವೇ ಆಗಿತ್ತು. ತಪಸ್ಸಿಗೆ ಕುಳಿತವರನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ಎಲ್ಲರೂ ಅಷ್ಟು ಶ್ರಮಿಸಿದ್ದನ್ನು ಕಂಡಿಲ್ಲ. ಪರೀಕ್ಷೆ ಮುಗಿದಾಗ ಅವಳು ಬಂದು ನನ್ನ ಚಾಪೆಯ ಅಂಚಿನಲ್ಲಿ ಕುಳಿತಳು. ಗಲ್ಲದ ಮೇಲೆ ನೀರಿತ್ತು.

“ಆಯಿ, ನಾ ಬಿಡಾಕತ್ತಿಲ್ಲ. ಅದ ಹೋಗಾಕತ್ತೈತಿ.”

ಸಾಮಾಯಿಕದ ನಡುವೆ ಮಾತಾಡಬಾರದು. ನಾನು ಅವಳ ತಲೆಯನ್ನು ತೊಡೆಗೆ ಒತ್ತಿಕೊಂಡೆ. ಅದನ್ನು ನಿಷೇಧಿಸುವ ಸೂತ್ರ ನನಗೆ ನೆನಪಾಗಲಿಲ್ಲ.

ಆಮೇಲೆ ವೈದ್ಯೆ ಅದನ್ನೂ, ಶಿಕ್ಷಕಿಯ ಉತ್ತರಗಳನ್ನೂ, ನಮ್ಮ ಮಾತುಗಳನ್ನೂ ಒಟ್ಟಿಗೆ ಇಟ್ಟುಕೊಂಡು, ಹುಡುಗಿಯೊಡನೆ ಎರಡು ಸಲ ಕುಳಿತು, ಇದು ಗಮನದ ತೊಂದರೆಯೇ ಹೌದು ಎಂದು ಹೇಳಿದರು. ಮೆದುಳು ಬೆಳೆಯುವ ರೀತಿಯಲ್ಲಿರುವ ಒಂದು ಬೇರೆತನ. ಸೊಕ್ಕಲ್ಲ, ಹುಚ್ಚಲ್ಲ, ಸಂಸ್ಕಾರದ ಕೊರತೆಯಲ್ಲ. ತರಗತಿಯಲ್ಲಿ ಮುಂದಿನ ಸಾಲು, ನಡುನಡುವೆ ಎದ್ದು ಓಡಾಡಲು ಅವಕಾಶ, ಪರೀಕ್ಷೆಗೆ ಹೆಚ್ಚಿನ ಹೊತ್ತು, ಮನೆಯಲ್ಲಿ ಕೆಲಸವನ್ನು ತುಂಡು ತುಂಡಾಗಿ ಹೇಳುವುದು. ಔಷಧದ ಮಾತನ್ನು ಮುಂದೆ ನೋಡೋಣವೆಂದರು. ದೂರ ಕಳಿಸಿ ಶಿಸ್ತು ಕಲಿಸುವ ವಿಚಾರವನ್ನು ರಾಜಶ್ರೀ ಕೇಳಿದಾಗ, ಪರಿಚಯದವರ ನಡುವೆ ಇರಬೇಕಾದ ಹೊತ್ತಿನಲ್ಲಿ ಹಾಗೆ ಮಾಡಬೇಡಿರೆಂದು ಸ್ಪಷ್ಟವಾಗಿ ನುಡಿದರು.

ಬೇನೆಯೆಂದರೆ ನಡುವೆ ಬರುವುದಿಲ್ಲವೆಂದು ಭೂಪಾಲ ಮಾತು ಕೊಟ್ಟಿದ್ದನಷ್ಟೆ. ಕೇಳಿದೊಡನೆ ಅವನ ಮುಖ ಬಿಳುಪೇರಿತು. ಅದುವರೆಗೆ ಶಿಸ್ತಿಗಾಗಿ ಬೇಕಾಗಿದ್ದ ಗುರುಕುಲ ಅಂದಿನಿಂದ ಮುಚ್ಚಿಡುವುದಕ್ಕೆ ಬೇಕಾಯಿತು. “ಸಾಳ್ಯಾಗ ಹೇಳೂದಂದ್ರ ಊರಾಗ ಡಂಗುರ ಹೊಡದಂಗ. ನಾ ಕಮಿಟಿಯಾಗ ಅದೀನಿ. ನಮ್ಮ ಮನಿತನದಾಗ ತಲಿ ಕೆಟ್ಟ ಪೋರಿ ಅದಾಳಂದ್ರ ನಾಳೆ ಯಾರ ಹೆಣ್ಣ ಕೊಡ್ತಾರ, ಯಾರ ತಗೋತಾರ? ಯಾರಿಗೂ ತಿಳಿಯೂಕಿಂತ ಮೊದ್ಲ ಕಳಸ್ರಿ. ಅಲ್ಲೂ ಹೇಳಬ್ಯಾಡ್ರಿ.” ಮಹಾವೀರನನ್ನು ಕರೆದು ಒಪ್ಪಿಸಿದ, ಒಪ್ಪಿಸಿದ ಎನ್ನುವುದು ದೊಡ್ಡ ಮಾತು, ಅವನು ಎಂದಿನಂತೆ ನೆಲ ನೋಡಿದ.

ಸಂಕ್ರಾಂತಿ ಕಳೆದ ಒಂದು ಮುಂಜಾನೆ ಅಂಗಳಕ್ಕೆ ಗಾಡಿ ಬಂತು. ಟ್ರಂಕು ಏರಿತು. ಅನೂ ಹಿಂದಿನ ಸೀಟಿನಲ್ಲಿ ಕುಳಿತು ಕಿಟಕಿಯ ಗಾಜನ್ನು ಏರಿಸುತ್ತ ಇಳಿಸುತ್ತ ಇದ್ದಳು. ರಾಜಶ್ರೀ ಗಾಡಿಯ ಬಾಗಿಲನ್ನು ಹಿಡಿದು ನಿಂತಿದ್ದಳು. ಅವಳ ಕೈಯನ್ನು ಬಿಡಿಸಲು ಗಂಡನಿಗೆ ಹೇಳಲಾಗಿತ್ತು, ಅವನು ಅದನ್ನು ಮಾಡಲಾರದೆ ಅಳುತ್ತಿದ್ದ. ನಾನು ತಲೆಬಾಗಿಲಿನ ಹೊಸ್ತಿಲ ಮೇಲೆ ಕುಳಿತೆ.

“ಭೂಪಾಲ, ಆಕಿ ಈ ಗಾಡೀಲೆ ಹ್ವಾದಳಂದ್ರ ಈ ಮನೀ ಒಂದ ತುತ್ತ ಅನ್ನ, ಒಂದ ಗುಟುಕ ನೀರ ನನಗ ಬ್ಯಾಡ. ಹೊಸ್ತಲ ಮ್ಯಾಲಿಂದ ಏಳೂದಿಲ್ಲ.”

ಅವನು ಹತ್ತಿರ ಬಂದು ದನಿ ತಗ್ಗಿಸಿದ. “ವೈನಿ, ಸಿಟ್ಟಿನಾಗ ಮಾಡಿದ ಉಪವಾಸಕ್ಕ ಫಲ ಇಲ್ಲ ಅಂತ ಸಾಯಂಕಾಲ ಸಾಯಂಕಾಲ ನೀನ ಹೇಳ್ತಿದ್ದಿ. ಕ್ರೋಧದ ಕಷಾಯ ಹೊಟ್ಟ್ಯಾಗ ಇಟಗೊಂಡ ಕುಂತ್ರ ಅದು ತಪ ಅಲ್ಲ.”

“ತಪ ಅಂದವ್ರ ಯಾರು? ಜಗಳ ತಗದೀನಿ. ಫಲ ನೀ ಇಟಗೊ, ನನಗ ಹುಡುಗಿ ಬೇಕು.”

ಅಷ್ಟು ಹೊತ್ತಿಗೆ ಅಭಿಷೇಕ ಮುಗಿಸಿಕೊಂಡು ಹೆಂಗಸರು ಗಂಧೋದಕದ ಬಟ್ಟಲು ಹಿಡಿದು ಬಸದಿಯಿಂದ ಮರಳುತ್ತಿದ್ದರು. ಹೊಸ್ತಿಲ ಮೇಲೆ ನನ್ನನ್ನು ಕಂಡು ಅವರ ಕಾಲು ನಿಂತವು. “ಯಾಕ್ರಿ ಆಯಿ, ಇಲ್ಲಿ ಕುಂತೀರಿ?”

ಭೂಪಾಲ ನನ್ನ ಮತ್ತು ಅವರ ನಡುವೆ ಬಂದು ನಿಂತ. “ಏನಿಲ್ರಿ, ಹುಡುಗಿ ಓದಾಕ ಹೊಂಟಾಳ. ವಯಸ್ಸಾದವ್ರು, ತ್ರಾಸ ಮಾಡಕೊಂಡಾರ.”

“ತ್ರಾಸ ನನಗಲ್ರವ್ವ, ನಮ್ಮ ಅನೂಗ ಐತಿ,” ಎಂದೆ. ಐವತ್ತು ಹುಡುಗಿಯರ ಕೊನೆಯ ಸಾಲಿಗೆ ಕೇಳಿಸುತ್ತಿದ್ದ ನನ್ನ ತರಗತಿಯ ದನಿ ಇನ್ನೂ ಉಳಿದಿತ್ತು. “ಆಕಿಗೆ ಗಮನ ನಿಲ್ಲೂದಿಲ್ಲ. ಹುಟ್ಟಿಂದ ಬಂದದ್ದು. ಮಿರಜದ ಡಾಕ್ಟರ ನೋಡಿ ಹೇಳ್ಯಾರ. ಮನ್ಯಾಗ ಇದ್ರ ಸುಧಾರಿಸ್ತಾಳ ಅಂತನೂ ಹೇಳ್ಯಾರ. ಇದು ನಿಮಗ ತಿಳೀಬಾರದಂತ ಭೂಪಾಲಣ್ಣ ಆಕಿನ್ನ ಗುಡ್ಡಕ್ಕ ಒಗ್ಯಾಕತ್ತಾನ. ಈಗ ನಿಮಗ ತಿಳೀತು. ಇನ್ನ ಯಾಕ ಒಗೀತಾನ ಕೇಳ್ರಿ.”

ಬಟ್ಟಲುಗಳು ಕೈಯಲ್ಲಿ ನಿಶ್ಚಲವಾಗಿದ್ದವು. ಭೂಪಾಲನ ಕುತ್ತಿಗೆಯ ನರವೊಂದು ಹಾರುತ್ತಿದ್ದುದನ್ನು ನಾನು ಸಾವಕಾಶವಾಗಿ ನೋಡಿದೆ. ಮುಚ್ಚಿಡುವುದೇ ಉಳಿಯದ ಮೇಲೆ ಅವನ ಗುರುಕುಲಕ್ಕೆ ಅರ್ಥವಿರಲಿಲ್ಲ. ಅದು ಅವನಿಗೆ ನನಗಿಂತ ಬೇಗ ತಿಳಿಯಿತು.

ಗಾಡಿಯೊಳಗಿಂದ ಅನೂ ತಲೆ ಹೊರಗೆ ಹಾಕಿದಳು. “ಹೋಗೂದೈತೋ ಇಲ್ಲೋ? ಟ್ರಂಕಿನಾಗ ನನ್ನ ಪಾಟಿಚೀಲ ಐತಿ, ಇವತ್ತ ಗಣಿತ ಪರೀಕ್ಷಾ ಐತಿ.”

“ಇಳಸ್ರಿ ಟ್ರಂಕ,” ಎಂದ ಭೂಪಾಲ, ಯಾರ ಮುಖವನ್ನೂ ನೋಡದೆ. ಮಂಚದ ಕಡೆ ಹೋಗುತ್ತ ನನಗೊಬ್ಬಳಿಗೆ ಕೇಳುವಂತೆ, “ಇನ್ನ ಆಕಿ ಲಗ್ನಾ ನೀನ ಮಾಡು” ಎಂದ.

“ಮೊದ್ಲ ಗಣಿತ ಆಗ್ಲಿ,” ಎಂದೆ.

ಮರುವಾರ ರಾಜಶ್ರೀ ಶಾಲೆಗೆ ಹೋಗಿ, ಆಡಳಿತ ಮಂಡಳಿಯ ಕುರ್ಚಿಗಳ ಎದುರು ನಿಂತು, ಮುಂದಿನ ಸಾಲನ್ನೂ ಹೆಚ್ಚಿನ ಹೊತ್ತನ್ನೂ ಪಡೆದು ಬಂದಳು. ಮಾರ್ಚಿನಲ್ಲಿ ಅನೂ ಪಾಸಾದಳು, ಹೇಳಿಕೊಳ್ಳುವಂಥ ಅಂಕಗಳೇನಲ್ಲ. ಇಂದಿಗೂ ಅವಳಿಗೆ ಒಂದು ಕಾಲಿನ ಚಪ್ಪಲಿ ಸಿಗುವುದಿಲ್ಲ. ಭೂಪಾಲನಿಂದ ನಾನು ಒಲೆ ಬೇರೆ ಮಾಡಿಕೊಂಡೆ. ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಕ್ಷಮಾವಾಣಿಯ ದಿನ ಅವನು ಅಂಗಳದ ಆಚೆಯಿಂದ ಕೈ ಜೋಡಿಸುತ್ತಾನೆ, ನಾನು ಜೋಡಿಸುತ್ತೇನೆ. ಕೈಗಳಷ್ಟೇ.

ಟ್ರಂಕು ಇಳಿದ ಅದೇ ದಿನ ಮಧ್ಯಾಹ್ನ, ಊಟದ ಮೇಲೆ ವಾಡೆ ಮಲಗಿದ್ದಾಗ, ಹಿತ್ತಲ ಬಾಗಿಲು ಸದ್ದಾಯಿತು. ಸುಜಾತಾ ನಿಂತಿದ್ದಳು. ಪಕ್ಕದಲ್ಲಿ ಅವಳ ಮಗ. ಎಂಟು ವರ್ಷದ ಹುಡುಗ ಅಂಗಿಯ ಗುಂಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಎಲ್ಲೋ ನೋಡುತ್ತಿದ್ದ. ಅವಳ ದನಿ ಅಂದು ಕಂಬಕ್ಕೆ ಒರಗಿ ತಾಳ ಹಾಕಿದ ದನಿಯಾಗಿರಲಿಲ್ಲ.

“ದೊಡ್ಡತ್ತಿ, ಆ ಲ್ಯಾಪ್‌ಟಾಪ ಒಂದ ದಿನಾ ಕೊಡ್ತೀರೇನ್ರಿ? ಇವನ್ನೂ ಕೂಡ್ರಿಸಿ ನೋಡಬೇಕಂತ. ಇಂವಾ ಓಡೂದಿಲ್ರಿ, ಗಪ್ಪ ಇರ್ತಾನ, ಆದ್ರ ಕರದ್ರ ಕೇಳೂದಿಲ್ಲ, ಬರಿಯಂದ್ರ ಬರಿಯೂದಿಲ್ಲ. ಮಾವಾರಿಗೆ ಮಾತ್ರ ಹೇಳಬ್ಯಾಡ್ರಿ.”

ಸೊಕ್ಕಿಗೆ ಮಿರಜದಲ್ಲಿ ಔಷಧ ಸಿಗುವುದಿಲ್ಲವೆಂದ ಬಾಯಿ ಅದು. ನಾನು ಅದನ್ನು ಮರೆತಿರಲಿಲ್ಲ, ಮರೆತಂತೆ ನಟಿಸಲೂ ಇಲ್ಲ.

“ಬರೇ ಲ್ಯಾಪ್‌ಟಾಪಿಲೆ ಏನೂ ಆಗೂದಿಲ್ಲ. ಮೊದ್ಲ ಡಾಕ್ಟರ ನೋಡಬೇಕು, ಅವರ ಹೇಳಿದ್ರ ಪರೀಕ್ಷಾ. ರಾಜಶ್ರೀ ಕರಕೊಂಡ ಹೋಗ್ತಾಳ.”

“ಹಂಗಾರ ಆಕಿಗೆ ನೀವ ಹೇಳ್ರಿ, ಗುಟ್ಟಾಗಿ…”

“ಹಿತ್ತಲದಿಂದ ಬಂದವ್ರಿಗೆ ನಾ ಏನೂ ಹೇಳೂದಿಲ್ಲ ಸುಜಾತಾ. ಮುಂದಿನ ಬಾಗಲಕ್ಕ ಬಾ. ಬಂದ ಕೇಳು.”

ಮುಂದಿನ ಬಾಗಿಲಿಗೆ ಬರಬೇಕಾದರೆ ಅಂಗಳವನ್ನು ದಾಟಬೇಕು. ಅಂಗಳದಲ್ಲಿ ಮಂಚವಿತ್ತು, ಮಂಚದ ಮೇಲೆ ಭೂಪಾಲನಿದ್ದ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ನನ್ನ ಮೇಲಿನ ಪ್ರೀತಿಯೇನೂ ಇರಲಿಲ್ಲ. ಬಳಿಕ ಹುಡುಗನ ಬಾಯಿಂದ ಗುಂಡಿಯನ್ನು ತೆಗೆದು, ಸೆರಗನ್ನು ಬಿಗಿದು, ಹಿತ್ತಲ ಗೋಡೆಯ ಗುಂಟ ಮರೆಯಾದಳು.

ನಾನು ನಡುಮನೆಗೆ ಬಂದು ತಲೆಬಾಗಿಲನ್ನು ಪೂರ್ತಿ ತೆರೆದು ನಿಂತೆ. ಅಂಗಳದ ಬಿಸಿಲಿನಲ್ಲಿ ಅವಳು ಮಗನ ಕೈ ಹಿಡಿದು ಬರುತ್ತಿದ್ದಳು. ಮಂಚದ ಮೇಲಿನ ತಲೆ ಎದ್ದಿತು. “ಎಲ್ಲಿಗೆ ಹೊಂಟೀರಿ?” ಎಂದಿತು. ಸುಜಾತಾ ನಿಂತಳು. ಹುಡುಗ ಮುಂದೆ ಎರಡು ಹೆಜ್ಜೆ ಹೋಗಿ, ಕೈ ಜಗ್ಗಿದ್ದರಿಂದ ಅವನೂ ನಿಂತ.

“ದೊಡ್ಡತ್ತಿ ಕಡೆ ಹೊಂಟೀನ್ರಿ,” ಎಂದಳು ಅವಳು, ಇಡೀ ವಾಡೆಗೆ ಕೇಳುವಂತೆ. “ಡಾಕ್ಟರ ಹೆಸರ ಕೇಳಾಕ.”